ಬೇರ್ಪಡಿಸುವ ಕೈ, ಬೆರೆಸುವ ಗಾಡಿ

ಬಾಳೆಹಣ್ಣು ತಿಂದು ಸಿಪ್ಪೆ ಎಸೆಯುವ ಗಳಿಗೆಯಲ್ಲಿ ಅದು ಏನು, ಮಣ್ಣಿಗೆ ಬಿದ್ದರೆ ಕರಗುತ್ತದೋ ಇಲ್ಲವೋ, ಹಸು ತಿಂದೀತೋ ಇಲ್ಲವೋ ಎಂಬುದೆಲ್ಲ ಎಸೆಯುವ ಕೈಗೆ ಗೊತ್ತಿರುತ್ತದೆ. ಅದೇ ಸಿಪ್ಪೆ ಹಾಲಿನ ಪ್ಯಾಕೆಟ್, ಮಗುವಿನ ಡೈಪರ್, ಹಳೆಯ ಬ್ಯಾಟರಿ, ಒಡೆದ ಬಲ್ಬುಗಳ ಜೊತೆ ಒಂದೇ ಚೀಲ ಸೇರಿ, ಕಾಂಪ್ಯಾಕ್ಟರ್ ಲಾರಿಯೊಳಗೆ ಜಜ್ಜಿಹೋಗಿ ಊರಾಚೆಯ ರಾಶಿ ಮುಟ್ಟುವಷ್ಟರಲ್ಲಿ ಆ ತಿಳಿವಳಿಕೆ ಪೂರ್ತಿ ಅಳಿಸಿಹೋಗಿರುತ್ತದೆ. ಅದನ್ನು ಮರಳಿ ಪಡೆಯಬೇಕಾದರೆ ಯಾರೋ ಬರಿಗೈಯಲ್ಲಿ ಕೆದಕಬೇಕು. ಭೌತವಿಜ್ಞಾನಿಗಳು ಎಂಟ್ರೊಪಿ ಎಂದು ಕರೆಯುವುದರ ಸರಳ ರೂಪ ಇದು. ರಾಗಿಗೆ ಮರಳು ಬೆರೆಯಲು ಒಂದು ಕ್ಷಣ ಸಾಕು, ಆರಿಸಿ ತೆಗೆಯಲು ಇಡೀ ಮಧ್ಯಾಹ್ನ ಬೇಕು. ಅಡುಗೆಮನೆಯಲ್ಲಿ ಎರಡು ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ಆಮೇಲೆ ಎಷ್ಟು ಯಂತ್ರ, ಎಷ್ಟು ಕೂಲಿ ಸುರಿದರೂ ಮೊದಲಿನ ಶುದ್ಧಿ ಬರುವುದಿಲ್ಲ. ಸಾರು ತಾಗಿದ ರಟ್ಟನ್ನು ಕಾಗದದ ಕಾರ್ಖಾನೆ ಕೊಳ್ಳುವುದಿಲ್ಲ. ಗಾಜಿನ ಚೂರು ಬಿದ್ದ ಗೊಬ್ಬರವನ್ನು ರೈತ ಹೊಲಕ್ಕೆ ಹಾಕುವುದಿಲ್ಲ. ಗಾಳಿಯಾಡದ ರಾಶಿಯ ಒಡಲಲ್ಲಿ ಕೊಳೆಯುವ ಅನ್ನ, ತರಕಾರಿಗಳು ಮೀಥೇನ್ ಅನಿಲವಾಗುತ್ತವೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ನೋಡಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.

ಎರಡು ಸೆಕೆಂಡಿನ ಈ ಕೆಲಸವನ್ನು ಕೆಲವು ಮನೆಗಳು ವರ್ಷಗಟ್ಟಲೆ ತಪ್ಪದೆ ಮಾಡುತ್ತವೆ. ಅದೇ ಬೀದಿಯ, ಅಷ್ಟೇ ಓದಿದ, ಅಷ್ಟೇ ಆದಾಯದ ಇನ್ನೊಂದು ಮನೆ ಮಾಡುವುದಿಲ್ಲ. ಜನರಿಗೆ ತಿಳಿವಳಿಕೆ ಇಲ್ಲ, ಜಾಗೃತಿ ಮೂಡಿಸಬೇಕು ಎಂಬ ಉತ್ತರ ನಮ್ಮ ಸಭೆಗಳಲ್ಲಿ ಥಟ್ಟನೆ ಬರುತ್ತದೆ. ಆ ಉತ್ತರ ಸರಿಯಿಲ್ಲ ಎಂದೇ ನನ್ನ ವಾದ.

ಕನ್ನಡದ ಮನೆಗಳಿಗೆ ವಿಂಗಡಣೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಗಂಜಿ ಕಲಗಚ್ಚಿನ ಪಾತ್ರೆ ಸೇರಿ ಕೊಟ್ಟಿಗೆಗೆ ಹೋಗುತ್ತಿದ್ದವು. ಒಲೆಯ ಬೂದಿ ಪಾತ್ರೆ ಬೆಳಗಲು, ಗಿಡದ ಬುಡಕ್ಕೆ. ಗುಡಿಸಿದ್ದು ತಿಪ್ಪೆಗೆ. ಹಸು, ಹಿತ್ತಿಲು ಎರಡೂ ಇಲ್ಲದ ಮೂರನೇ ಮಹಡಿಯ ಫ್ಲ್ಯಾಟಿನಲ್ಲೂ ಹಳೆಯ ದಿನಪತ್ರಿಕೆ ಮಡಿಕೆ ಕೆಡದೆ ಮೂಲೆಯಲ್ಲಿ ಪೇರಿಸಿರುತ್ತದೆ. ಖಾಲಿ ಬಾಟಲಿ, ತುಕ್ಕು ಹಿಡಿದ ಬಾಣಲೆ ಗುಜರಿಯವರು ಬರುವವರೆಗೆ ಕಾಯುತ್ತವೆ. ದಿನಪತ್ರಿಕೆಯನ್ನು ಇಷ್ಟು ಚೊಕ್ಕಟವಾಗಿ ಬೇರೆ ಇಡುವ ಅದೇ ಕೈ ಬಿಸ್ಕತ್ತಿನ ಹೊದಿಕೆಯನ್ನೂ ಈರುಳ್ಳಿ ಸಿಪ್ಪೆಯನ್ನೂ ಒಟ್ಟಿಗೆ ಎಸೆಯುತ್ತದೆ. ತಿಳಿವಳಿಕೆ ಎರಡೂ ಕಡೆ ಒಂದೇ. ದಿನಪತ್ರಿಕೆ ಎಲ್ಲಿಗೆ ಹೋಗುತ್ತದೆ, ಯಾರು ತೂಗುತ್ತಾರೆ, ಏನಾಗುತ್ತದೆ ಎಂಬುದು ಮನೆಯವರಿಗೆ ಕಾಣುತ್ತದೆ. ಬಿಸ್ಕತ್ತಿನ ಹೊದಿಕೆಯ ಮುಂದಿನ ದಾರಿ ಕಾಣುವುದಿಲ್ಲ.

ಬೆಂಗಳೂರು ಇದನ್ನು ಬಹಳ ದುಬಾರಿಯಾಗಿ ಕಲಿಯಬೇಕಾಯಿತು. ನಗರದ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗುತ್ತಿತ್ತು. ಆ ಊರುಗಳ ಜನ ನೊಣ, ದುರ್ವಾಸನೆ, ಹಾಳಾದ ಅಂತರ್ಜಲದ ನಡುವೆ ಬದುಕಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಅದೇ ವರ್ಷ ಮಂಡೂರಿನವರು ರಸ್ತೆಗಿಳಿದು ಲಾರಿಗಳನ್ನು ತಡೆದರು. ರಾಜಧಾನಿಯ ಬೀದಿ ಬೀದಿಯಲ್ಲಿ ರಾಶಿಗಳು ಎದ್ದವು. ಆ ಅಕ್ಟೋಬರಿನಿಂದ ಮನೆಯಲ್ಲೇ ವಿಂಗಡಿಸುವುದು ಕಡ್ಡಾಯವೆಂದು ಮಹಾನಗರ ಪಾಲಿಕೆ ಸಾರಿತು. 2014ರಲ್ಲಿ ಮಂಡೂರು ಮತ್ತೆ ಸಿಡಿದೆದ್ದಿತು. ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಲ್ಲಬೇಕಾಯಿತು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ನಗರಕ್ಕೆ ವಿಧಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಸ್ಯಾನಿಟರಿ ಪ್ಯಾಡ್‌ಗಳಂಥ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2016ರಲ್ಲಿ ಕೇಂದ್ರ ಸರ್ಕಾರದ ನಿಯಮಗಳೂ ಮೂರು ಬಗೆಯ ವಿಂಗಡಣೆಯನ್ನು ದೇಶಕ್ಕೆಲ್ಲ ಅನ್ವಯಿಸಿದವು. ಆದೇಶಕ್ಕೆ ಕೊರತೆ ಇರಲಿಲ್ಲ. ಆದರೂ ಒಂದು ವಾರ್ಡಿನಲ್ಲಿ ವಿಂಗಡಣೆ ಬೇರೂರಿತು, ಪಕ್ಕದ ವಾರ್ಡಿನಲ್ಲಿ ಕರಪತ್ರದಲ್ಲೇ ಉಳಿಯಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ವಿಜ್ಞಾನ ಕೈಹಾಕಬೇಕಾದ ಪ್ರಶ್ನೆ.

ಮೊದಲು ಜಾಗೃತಿಯ ಮಾತನ್ನೇ ಪರೀಕ್ಷೆಗೆ ಒಡ್ಡೋಣ. ಪೆರು ದೇಶದಲ್ಲಿ ಅರ್ಥಶಾಸ್ತ್ರಜ್ಞರ ಒಂದು ತಂಡ ಮನೆಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಒಂದೊಂದು ಗುಂಪಿಗೂ ಬೇರೆ ಬೇರೆ ಸಂದೇಶ ಕಳುಹಿಸಿತು. ಪರಿಸರದ ಹಿತ, ಸಮಾಜದ ಹಿತ, ನೆರೆಹೊರೆಯ ನಡತೆ, ಸ್ಥಳೀಯ ಆಡಳಿತದ ಆಗ್ರಹ ಹೀಗೆ ಮನವೊಲಿಸುವ ಹಲವು ದಾರಿಗಳನ್ನು ಪ್ರಯತ್ನಿಸಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ನೇರವಾಗಿತ್ತು: ಯಾವ ಸಂದೇಶವೂ ಹೇಳಿಕೊಳ್ಳುವಂಥ ಪರಿಣಾಮ ಬೀರಲಿಲ್ಲ. ಮೊಬೈಲಿಗೆ ಕಳಿಸಿದ ನೆನಪೋಲೆಗಳೂ ಕೆಲಸ ಮಾಡಲಿಲ್ಲ. ಮನೆಗೊಂದು ಬುಟ್ಟಿ ಕೊಟ್ಟ ಕಡೆ ಮಾತ್ರ ಜನ ಹೆಚ್ಚು ಕಸ ಬೇರ್ಪಡಿಸಿ ಕೊಟ್ಟರು. ಕೆನಡಾದ ವ್ಯಾಂಕೂವರ್ ನಗರದ ಬಹುಮಹಡಿ ಕಟ್ಟಡಗಳಲ್ಲಿ ಸಂಶೋಧಕರು ಹಸಿ ಕಸದ ಡಬ್ಬಿಗಳನ್ನು ನೆಲಮಹಡಿಯಲ್ಲಿ ಬಿಡದೆ ಪ್ರತಿ ಮಹಡಿಗೂ ತಂದಿಟ್ಟರು. ಗೊಬ್ಬರಕ್ಕೆ ಹೋಗುವ ಕಸ ಶೇ 70ರಷ್ಟು ಏರಿತು. ಅಲ್ಲಿನ ನಿವಾಸಿಗಳ ಪರಿಸರಪ್ರೀತಿ ಇದ್ದಕ್ಕಿದ್ದಂತೆ ಹೆಚ್ಚಿತೆಂದು ಯಾರೂ ಹೇಳುವುದಿಲ್ಲ. ನಡೆಯಬೇಕಾದ ಹೆಜ್ಜೆಗಳು ಕಡಿಮೆಯಾದವು, ಅಷ್ಟೆ.

ನಮ್ಮ ನಗರಗಳಿಗೆ ಹೊಂದಿಸಿ ನೋಡಿದರೆ ಇದರ ತೂಕ ಇನ್ನೂ ಹೆಚ್ಚು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಒಲೆ, ಹಾಸಿಗೆ, ಮಕ್ಕಳ ಓದು ಎಲ್ಲವೂ ಒಂದೇ ನೆಲದ ಮೇಲೆ ನಡೆಯುವಾಗ ಎರಡು ಬುಟ್ಟಿ, ಒಂದು ಚೀಲ ಎಲ್ಲಿಡುವುದು? ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಣ್ಣುಮಗಳ ಬೀದಿಗೆ ಕಸದ ಗಾಡಿ ಎಂಟೂವರೆಗೆ ಬರುತ್ತದೆ. ಸಂಜೆ ಕತ್ತಲಾದ ಮೇಲೆ ಮೂಲೆಯ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಬೀಳುವ ಚೀಲವನ್ನು ನಾಗರಿಕಪ್ರಜ್ಞೆಯ ಕೊರತೆ ಎಂದು ಬೈಯುವುದು ಅನ್ಯಾಯ. ಗಾಡಿಯ ವೇಳೆ ಆ ಬೀದಿಯ ಬದುಕಿನ ವೇಳೆಗೆ ಹೊಂದಿಲ್ಲ. ಬೆಂಗಳೂರಿನವರು ಬ್ಲ್ಯಾಕ್ ಸ್ಪಾಟ್ ಎನ್ನುವ ಇಂಥ ರಾಶಿಗಳು ಎಲ್ಲಿ ಎದ್ದಿವೆ ಎಂದು ಗಮನಿಸಿದರೆ, ಗಾಡಿ ಸರಿಯಾಗಿ ತಲುಪದ ಗಲ್ಲಿಗಳ ನಕ್ಷೆಯೇ ಕಾಣಸಿಗುತ್ತದೆ.

ಅನುಕೂಲವೊಂದೇ ಸಾಲದು. ಬುಟ್ಟಿ ಇದ್ದೂ ಬೇರ್ಪಡಿಸದ ಮನೆಗಳಿವೆ. ಇಲ್ಲಿ ನೆರೆಮನೆ ಬರುತ್ತದೆ. 1999ರಲ್ಲಿ ಮನೋವಿಜ್ಞಾನಿ ವೆಸ್ಲಿ ಶುಲ್ಟ್ಜ್ ಕ್ಯಾಲಿಫೋರ್ನಿಯಾದ ಲಾ ವರ್ನ್ ಎಂಬ ಊರಿನಲ್ಲಿ ಸುಮಾರು 600 ಮನೆಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕೆಲವು ಮನೆಗಳ ಬಾಗಿಲಿಗೆ ಬರೀ ವಿನಂತಿಯ ಚೀಟಿ, ಕೆಲವಕ್ಕೆ ಹೇಗೆ ವಿಂಗಡಿಸಬೇಕೆಂಬ ಮಾಹಿತಿ, ಇನ್ನು ಕೆಲವಕ್ಕೆ ಆ ಮನೆ ಅಥವಾ ಆ ಬೀದಿ ಕಳೆದ ವಾರ ಎಷ್ಟು ಬೇರ್ಪಡಿಸಿ ಕೊಟ್ಟಿತು ಎಂಬ ಲೆಕ್ಕ. ಲೆಕ್ಕ ಸಿಕ್ಕ ಮನೆಗಳು ಬದಲಾದವು, ಚೀಟಿ ಬರುವುದು ನಿಂತ ಮೇಲೂ ಆ ಬದಲಾವಣೆ ಉಳಿಯಿತು. ವಿನಂತಿ, ಮಾಹಿತಿ ಪಡೆದ ಮನೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಇದರ ಇನ್ನೊಂದು ಮುಖ ಅರಿಜೋನಾದ ಶಿಲೀಭೂತ ಕಾಡಿನಲ್ಲಿ ಬಯಲಾಯಿತು. ಕಲ್ಲಾಗಿ ಹೋದ ಪುರಾತನ ಮರದ ಚೂರುಗಳನ್ನು ಪ್ರವಾಸಿಗರು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಎರಡು ಬಗೆಯ ಫಲಕ ನೆಟ್ಟು ನೋಡಿದರು. ದಯವಿಟ್ಟು ಒಯ್ಯಬೇಡಿ ಎಂದು ನೇರವಾಗಿ ಕೇಳಿಕೊಂಡ ಹಾದಿಯಲ್ಲಿ ಗುರುತಿಟ್ಟ ಚೂರುಗಳ ಪೈಕಿ ಶೇ 2ಕ್ಕಿಂತ ಕಡಿಮೆ ಕಳುವಾದವು. ಹಿಂದೆ ಬಹಳ ಮಂದಿ ಒಯ್ದಿದ್ದರಿಂದ ಕಾಡು ಹಾಳಾಗಿದೆ ಎಂದು ಗೋಳಾಡಿದ ಫಲಕದ ಹಾದಿಯಲ್ಲಿ ಕಳವು ಸುಮಾರು ಶೇ 8. ಬಹಳ ಮಂದಿ ಮಾಡುತ್ತಾರೆ ಎಂಬ ಸುದ್ದಿಯೇ ಮಾಡಲು ಕೊಟ್ಟ ಒಪ್ಪಿಗೆಯಾಯಿತು. ನಮ್ಮ ಪತ್ರಿಕೆ, ಟಿ.ವಿ., ವಾಟ್ಸ್‌ಆ್ಯಪ್ ಗುಂಪುಗಳು ಈ ಊರಿನಲ್ಲಿ ಯಾರೂ ಕಸ ಬೇರ್ಪಡಿಸುವುದಿಲ್ಲ ಎಂದು ದಿನವೂ ಬರೆಯುತ್ತವೆ. ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತವೆ. ಆದರೆ ಬೇರ್ಪಡಿಸುವ ಮನೆಯ ಕಿವಿಗೆ ಅದು ನೀನೊಬ್ಬನೇ ಏಕೆ ಕಷ್ಟಪಡುತ್ತೀ ಎಂದು ಕೇಳಿಸುತ್ತದೆ.

ನೀನೊಬ್ಬನೇ ಏಕೆ ಎಂಬ ಈ ಭಾವಕ್ಕೆ ಪ್ರಯೋಗಾಲಯದಲ್ಲೂ ಅಳತೆ ಸಿಕ್ಕಿದೆ. ಊರ ಹಿತಕ್ಕಾಗಿ ಎಲ್ಲರೂ ಹಣ ಹಾಕಿದರೆ ಎಲ್ಲರಿಗೂ ಲಾಭ, ಒಬ್ಬ ಹಾಕದಿದ್ದರೂ ಅವನಿಗೂ ಪಾಲು ಸಿಗುತ್ತದೆ ಎಂಬಂಥ ಆಟವೊಂದನ್ನು ಸ್ವಿಟ್ಸರ್ಲೆಂಡಿನ ಸಂಶೋಧಕರಾದ ಫಿಷ್‌ಬಾಖರ್, ಗೆಖ್ಟರ್, ಫೆಹ್ರ್ ಆಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರನೇ ಒಂದು ಭಾಗ ಜನ ಏನೂ ಹಾಕದೆ ಲಾಭ ಪಡೆಯಲು ನೋಡಿದರು. ಸುಮಾರು ಅರ್ಧದಷ್ಟು ಜನ ಉಳಿದವರು ಎಷ್ಟು ಹಾಕುತ್ತಾರೋ ಅದನ್ನು ನೋಡಿಕೊಂಡು ತಾವೂ ಹಾಕಿದರು. ನಗರವೊಂದರ ಕಸದ ಹಣೆಬರಹ ಈ ಅರ್ಧದಷ್ಟು ಜನರ ಕೈಯಲ್ಲಿದೆ. ಸ್ವಾರ್ಥಿಗಳನ್ನು ತಿದ್ದುವುದು ಕಷ್ಟ. ಯಾರು ಏನು ಮಾಡಿದರೂ ಬೇರ್ಪಡಿಸುವ ನಿಷ್ಠರಿಗೆ ಉಪದೇಶ ಬೇಕಿಲ್ಲ. ಉಳಿದವರು ಮಾಡಿದರೆ ನಾನೂ ಮಾಡುತ್ತೇನೆ ಎನ್ನುವವರಿಗೆ ಕಣ್ಣೆದುರಿನ ಪುರಾವೆ ಬೇಕು.

ಆ ಉಳಿದವರು ಎಂಬ ಮಾತಿನಲ್ಲಿ ನೆರೆಮನೆಯವರಷ್ಟೇ ಇಲ್ಲ, ಗಾಡಿಯೂ ಇದೆ. ನಗರದ ಯಾವ ಬೀದಿಯಲ್ಲಿ ಬೇಕಾದರೂ ನಿಂತು ಕೇಳಿ: ಏಕಮ್ಮಾ, ಬೇರೆ ಮಾಡಿ ಕೊಡಲ್ವಾ? ನಾವು ಬೇರೆ ಮಾಡಿ ಕೊಟ್ಟರೂ ಅವರು ಗಾಡಿಯಲ್ಲಿ ಒಂದೇ ಮಾಡ್ತಾರಲ್ಲಾ ಸಾರ್ ಎಂಬ ಮಾತು ಬಂದೇ ಬರುತ್ತದೆ. ಇದನ್ನು ನೆಪವೆಂದು ತಳ್ಳಿಹಾಕುವ ಅಧಿಕಾರಿಗಳನ್ನು ಕಂಡಿದ್ದೇನೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಪ್ರಾಮಾಣಿಕ ಉತ್ತರ ಇನ್ನೊಂದಿಲ್ಲ. ತಾನು ಮಾಡಿದ ಕೆಲಸ ತನ್ನ ಕಣ್ಣೆದುರೇ ವ್ಯರ್ಥವಾಗುವುದನ್ನು ನೋಡಿಯೂ ಮರುದಿನ ಅದನ್ನೇ ಮಾಡುವ ಶಕ್ತಿ ಬಹಳ ಕಡಿಮೆ ಜನರಿಗಿರುತ್ತದೆ. ಒಂದು ಬೆಳಿಗ್ಗೆ ಹಸಿ, ಒಣ ಕಸ ಒಂದೇ ಗಾಡಿಯಲ್ಲಿ ಬೆರೆತರೆ ಆ ಬೀದಿಯ ಹತ್ತಾರು ಬಾಲ್ಕನಿಗಳು ಅದನ್ನು ನೋಡಿರುತ್ತವೆ. ವರ್ಷದ ಜಾಗೃತಿ ಅಭಿಯಾನ ಅರ್ಧ ನಿಮಿಷದಲ್ಲಿ ಕರಗುತ್ತದೆ.

ಕಣ್ಣಿಗೆ ಕಾಣುವುದು ಕೆಲವೊಮ್ಮೆ ಪೂರ್ತಿ ಸತ್ಯವಲ್ಲ ಎಂಬುದನ್ನೂ ಹೇಳಬೇಕು. ಆಟೋ ಟಿಪ್ಪರಿನ ಬದಿಗೆ ತೂಗುಬಿದ್ದ ದೊಡ್ಡ ಚೀಲಗಳನ್ನು ಎಲ್ಲರೂ ನೋಡಿರುತ್ತೀರಿ. ಬಾಟಲಿ, ರಟ್ಟು, ಹಾಲಿನ ಕವರುಗಳನ್ನು ಕಾರ್ಮಿಕರು ನಡೆಯುತ್ತ ನಡೆಯುತ್ತಲೇ ಅದರೊಳಗೆ ಬೇರೆ ಹಾಕುತ್ತಿರುತ್ತಾರೆ. ಮೇಲಿನಿಂದ ನೋಡುವವರಿಗೆ ಎಲ್ಲವೂ ಒಂದೇ ಗಾಡಿಗೆ ಬಿದ್ದಂತೆ ತೋರುತ್ತದೆ. ಒಣ ಕಸಕ್ಕೆ ಬೇರೆ ದಿನ, ಬೇರೆ ಗಾಡಿ ಎಂದು ಗೊತ್ತುಮಾಡಿ, ಆ ದಿನವನ್ನು ತಪ್ಪದೆ ಪಾಲಿಸಿದ ವಾರ್ಡುಗಳಲ್ಲಿ ಈ ಅನುಮಾನ ತಾನಾಗಿ ಸಡಿಲಿತು. ನಗರದ ಒಣ ಕಸ ಸಂಗ್ರಹಣಾ ಕೇಂದ್ರಗಳ ಪೈಕಿ ಹಲವನ್ನು ಚಿಂದಿ ಆಯ್ದು ಬದುಕುತ್ತಿದ್ದವರೇ ನಡೆಸುತ್ತಿದ್ದಾರೆ. 2010ರ ದಶಕದ ಆರಂಭದಲ್ಲಿ ಹಸಿರು ದಳದಂಥ ಸಂಘಟನೆಗಳ ಪ್ರಯತ್ನದಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಅಂಥ ಕೇಂದ್ರವೊಂದಕ್ಕೆ ಹೋಗಿ ಬಂದವರಿಗೆ ಕಸದ ಮುಂದಿನ ದಾರಿ ತಿಳಿಯುತ್ತದೆ. ಬಗೆಬಗೆಯ ಪ್ಲಾಸ್ಟಿಕ್ಕನ್ನು ಮುಟ್ಟಿ, ಸದ್ದು ಕೇಳಿ ಗುರುತಿಸುವ ಹೆಂಗಸರ ಕೈಚಳಕವನ್ನು ಕಂಡವರು ಮೊಸರಿನ ಡಬ್ಬಿಯನ್ನು ತೊಳೆಯದೆ ಎಸೆಯಲು ಹಿಂಜರಿಯುತ್ತಾರೆ. ಶಾಲಾಮಕ್ಕಳನ್ನು ಪ್ರತಿವರ್ಷ ಅಲ್ಲಿಗೆ ಕರೆದೊಯ್ಯುವುದು ಸಾವಿರ ಭಿತ್ತಿಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆಂದು ನಾನು ನಂಬಿದ್ದೇನೆ.

ಕೈಯ ಮಾತು ಬಂದಾಗ ಇನ್ನೊಂದು ಅಡ್ಡಿಯನ್ನು ಮುಚ್ಚಿಡದೆ ಹೇಳಬೇಕು. ಅನ್ನ ಬೆಂದ ಪಾತ್ರೆ, ಉಂಡ ಎಲೆ, ತಟ್ಟೆಯಲ್ಲಿ ಉಳಿದ ಅಗುಳು ನಮ್ಮ ಅನೇಕ ಮನೆಗಳಲ್ಲಿ ಮುಸುರೆ, ಎಂಜಲು. ಅದನ್ನು ಮುಟ್ಟಿದರೆ ಕೈ ತೊಳೆಯಬೇಕು, ಅದು ಬೇಗ ಕಣ್ಣಿಂದ ಮರೆಯಾಗಬೇಕು. ಜುಗುಪ್ಸೆಯ ಮನೋವಿಜ್ಞಾನವನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಪಾಲ್ ರೋಜಿನ್ ತೋರಿಸಿಕೊಟ್ಟಂತೆ, ಹೇಸಿಗೆಯ ವಸ್ತುವಿಗೆ ತಾಗಿದ್ದೆಲ್ಲ ಹೇಸಿಗೆಯೇ ಎಂದು ಭಾವಿಸುವುದು ಮನುಷ್ಯರಲ್ಲಿ ವ್ಯಾಪಕವಾಗಿರುವ ಸ್ವಭಾವ. ನಮ್ಮ ಸಮಾಜ ಆ ಸ್ವಭಾವದ ಮೇಲೆ ಜಾತಿಯನ್ನು ಕಟ್ಟಿತು. ಹೇಸಿಗೆಯನ್ನು ಮುಟ್ಟುವ ಕೆಲಸವನ್ನು ಕೆಲವರ ಹುಟ್ಟಿಗೇ ಅಂಟಿಸಿತು. ಇಂದಿಗೂ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅದರಲ್ಲೂ ಹೆಣ್ಣುಮಕ್ಕಳು. ಮನೆಯಲ್ಲೇ ಬೇರ್ಪಡಿಸಿ ಎಂದಾಗ ಕೆಲವರಲ್ಲಿ ಹುಟ್ಟುವ ಸಿಡುಕು ಬರೀ ಸೋಮಾರಿತನದ್ದಲ್ಲ. ಅದು ಅವರ ಕೆಲಸವಲ್ಲವೇ ಎಂಬ ಹಳೆಯ ನಂಬಿಕೆ ಅದರೊಳಗಿದೆ. ಬೇರ್ಪಡಿಸದೆ ಕೊಟ್ಟ ಚೀಲದಲ್ಲಿ ಒಡೆದ ಗಾಜು ಯಾರ ಬೆರಳನ್ನು ಕತ್ತರಿಸುತ್ತದೆ, ಸ್ಯಾನಿಟರಿ ಪ್ಯಾಡನ್ನು ಯಾರು ಬಿಡಿಸಿ ತೆಗೆಯಬೇಕಾಗುತ್ತದೆ ಎಂದು ಆ ನಂಬಿಕೆ ಯೋಚಿಸುವುದೇ ಇಲ್ಲ. ಬೆಂಗಳೂರಿನಲ್ಲಿ ಶುರುವಾದ ಕೆಂಪು ಚುಕ್ಕೆಯ ಅಭಿಯಾನ ಇಲ್ಲಿಗೇ ನೇರವಾಗಿ ಕೈಯಿಟ್ಟಿತು: ಪ್ಯಾಡ್, ಡೈಪರ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿ, ಎತ್ತುವವರಿಗೆ ತಿಳಿಯಲಿ. ಅದಕ್ಕೆ ಬೇಕಾದದ್ದು ಪೆನ್ನು, ಕಾಗದ. ಆದರೆ ಹಾಗೆ ಗುರುತು ಹಾಕುವಾಗ ಆಚೆಯ ತುದಿಯಲ್ಲಿ ಮನುಷ್ಯರೊಬ್ಬರಿದ್ದಾರೆ ಎಂಬುದು ಮನಸ್ಸಿಗೆ ಬಂದಿರುತ್ತದೆ. ದಿನವೂ ಬರುವ ಪೌರಕಾರ್ಮಿಕರ ಹೆಸರು ಗೊತ್ತಿರುವ, ಬಿಸಿಲಲ್ಲಿ ಅವರಿಗೆ ನೀರು ಕೊಡುವ ಬೀದಿಯಲ್ಲಿ ಕಸ ಚೊಕ್ಕಟವಾಗಿ ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ವಾರಕ್ಕೊಬ್ಬರಂತೆ ಗುತ್ತಿಗೆಯ ಕಾರ್ಮಿಕರನ್ನು ಬದಲಿಸುತ್ತಿದ್ದರೆ ಈ ಬಂಧ ಹುಟ್ಟುವುದಿಲ್ಲ.

ಹಣದ ದಾರಿಯನ್ನು ಆಡಳಿತಗಳು ಬೇಗ ಹಿಡಿಯುತ್ತವೆ. ಅದರಲ್ಲಿ ಎಚ್ಚರ ಬೇಕು. ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳು ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ದಂಡ ಹಾಕತೊಡಗಿದವು. ತಡವಾಗಿ ಬರುವವರು ಹೆಚ್ಚುಕಡಿಮೆ ಇಮ್ಮಡಿಯಾದರು! ಮೊದಲು ಕಾಯುವ ಶಿಕ್ಷಕಿಯ ಮುಖ ನೋಡಲು ನಾಚಿಕೆಯಿತ್ತು, ಈಗ ಹಣ ಕೊಟ್ಟು ಆ ನಾಚಿಕೆಯನ್ನು ತೀರಿಸಿಕೊಂಡರು. ದಂಡ ರದ್ದಾದ ಮೇಲೂ ಹಳೆಯ ನಾಚಿಕೆ ಮರಳಲಿಲ್ಲ. ಸ್ವಿಟ್ಸರ್ಲೆಂಡಿನ ವೊಲ್ಫೆನ್‌ಶೀಸೆನ್ ಎಂಬ ಹಳ್ಳಿಯ ಕಥೆ ಇನ್ನೂ ಗಾಢವಾದದ್ದು. ಅಣುತ್ಯಾಜ್ಯದ ಸಂಗ್ರಹಾಗಾರ ನಿಮ್ಮೂರಿಗೆ ಬರಲು ಒಪ್ಪುವಿರಾ ಎಂದು ಕೇಳಿದಾಗ ಶೇ 50.8ರಷ್ಟು ಜನ ಒಪ್ಪಿದ್ದರು. ಪರಿಹಾರದ ಹಣ ಕೊಡುತ್ತೇವೆ ಎಂದು ಸೇರಿಸಿ ಕೇಳಿದ ಕೂಡಲೇ ಒಪ್ಪಿಗೆ ಶೇ 24.6ಕ್ಕೆ ಇಳಿಯಿತು. ದೇಶಕ್ಕಾಗಿ ಮಾಡುವ ತ್ಯಾಗವಾಗಿದ್ದದ್ದು ಒಂದು ವ್ಯಾಪಾರವಾಗಿಬಿಟ್ಟಿತ್ತು.

ಹಾಗೆಂದು ಹಣ ಎಲ್ಲೆಡೆಯೂ ಕೆಡಿಸುತ್ತದೆ ಎಂದಲ್ಲ. ದಕ್ಷಿಣ ಕೊರಿಯಾ 1995ರಲ್ಲಿ ಕಸದ ಅಳತೆಗೆ ತಕ್ಕಂತೆ ಹಣ ಕೊಡುವ ಚೀಲಗಳನ್ನು ತಂದಿತು. 2005ರಲ್ಲಿ ಆಹಾರದ ಕಸವನ್ನು ನೆಲಭರ್ತಿಗೆ ನೇರವಾಗಿ ಹಾಕುವುದನ್ನು ನಿಷೇಧಿಸಿತು. 2013ರಿಂದ ಆಹಾರದ ಕಸಕ್ಕೆ ಪ್ರಮಾಣದ ಲೆಕ್ಕದಲ್ಲಿ ಶುಲ್ಕ ಹಾಕಿತು. ಸೋಲ್ ನಗರದ ಅನೇಕ ವಸತಿ ಸಮುಚ್ಚಯಗಳಲ್ಲಿ ಡಬ್ಬಿಯೇ ಕಸವನ್ನು ತೂಗಿ ಮನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಬೇರ್ಪಡಿಸಿದವರಿಗೆ ಕಡಿಮೆ, ಬೆರೆಸಿದವರಿಗೆ ಹೆಚ್ಚು ಎಂಬ ಸಂಬಂಧ ಅಲ್ಲಿ ಪ್ರತಿದಿನ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಬಳಕೆದಾರರ ಶುಲ್ಕ ಬಂದಿದೆ. ವಸತಿ ಕಟ್ಟಡಗಳಿಗೆ ವಿಸ್ತೀರ್ಣ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ. ಸಂಗ್ರಹಣೆಯ ಖರ್ಚಿಗೆ ಹಣ ಬೇಕು, ನಿಜ. ಆದರೆ ಗೋಡೆಯ ಅಳತೆಗೆ ಕಟ್ಟಿಹಾಕಿದ ಶುಲ್ಕ ಬೇರ್ಪಡಿಸುವ ಮನೆಗೂ ಬೆರೆಸುವ ಮನೆಗೂ ಒಂದೇ. ಅದರಿಂದ ವಿಂಗಡಣೆ ಹೆಚ್ಚುತ್ತದೆಂದು ನಿರೀಕ್ಷಿಸಲು ಕಾರಣವೇ ಇಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಬೀದಿಗೆ ಕಸ ಎಸೆದವರನ್ನು ಗುರುತಿಸಿ ಅವರ ಮನೆ ಮುಂದೆಯೇ ಕಸ ಸುರಿಯುವ ಕ್ರಮ ಆರಂಭವಾದಾಗ ನಗರ ಚಪ್ಪಾಳೆ ತಟ್ಟಿತು. ನಾಚಿಕೆ ಬಲವಾದ ಭಾವ, ಒಪ್ಪುತ್ತೇನೆ. ಗಾಡಿ ನಿಯಮಿತವಾಗಿ ಬರುವ ಬೀದಿಯಲ್ಲಿ ಅದಕ್ಕೆ ನ್ಯಾಯವೂ ಇದೆ. ಗಾಡಿಯೇ ಬಾರದ ಗಲ್ಲಿಯಲ್ಲಿ ಅದನ್ನು ಬಳಸಿದರೆ ಬಡವರ ಮೇಲಿನ ಅವಮಾನವಾಗಿ ಮಾತ್ರ ಉಳಿಯುತ್ತದೆ.

ವಿಂಗಡಣೆ ಬೇರೂರಿದ ಮನೆಗಳಿಗೂ ಒಂದು ಅಪಾಯವಿದೆ. ಜೆಸ್ಸಿ ಕ್ಯಾಟ್ಲಿನ್ ಮತ್ತು ಯಿಟೊಂಗ್ ವಾಂಗ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಕತ್ತರಿಯ ಗುಣಮಟ್ಟ ಪರೀಕ್ಷಿಸಲು ಕಾಗದ ಕತ್ತರಿಸಿ ನೋಡಲು ಹೇಳಿದರು. ಕೋಣೆಯಲ್ಲಿ ಮರುಬಳಕೆಯ ಬುಟ್ಟಿ ಇದ್ದಾಗ ಜನ ಹೆಚ್ಚು ಕಾಗದ ಕತ್ತರಿಸಿದರು. ಹೇಗೂ ಮರುಬಳಕೆಯಾಗುತ್ತದಲ್ಲ ಎಂಬ ಸಮಾಧಾನ ಕೈಯನ್ನು ಸಡಿಲ ಮಾಡಿತು. ಒಣ ಕಸದ ಚೀಲ ಚೊಕ್ಕಟವಾಗಿ ತುಂಬಿದೆ ಎಂದು ಸಂತೋಷಪಡುವ ಮನೆ, ಆ ಚೀಲ ಕಳೆದ ವರ್ಷಕ್ಕಿಂತ ದೊಡ್ಡದಾಗಿದೆಯೇ ಎಂದೂ ನೋಡಬೇಕಾಗುತ್ತದೆ.

ಇನ್ನು ಅಭ್ಯಾಸದ ಮಾತು. ದಿನವೂ ನಿರ್ಧರಿಸಿ ಮಾಡಬೇಕಾದ ಕೆಲಸ ಬಹಳ ದಿನ ಬಾಳುವುದಿಲ್ಲ. ಯೋಚಿಸದೆ ಕೈ ತಾನಾಗಿ ಹಸಿರು ಬುಟ್ಟಿಯತ್ತ ಹೋಗಬೇಕು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹಿಂಬಾಲಿಸಿ, ಹೊಸ ಚಟುವಟಿಕೆಯೊಂದು ಎಷ್ಟು ದಿನದಲ್ಲಿ ತಾನಾಗಿ ನಡೆಯತೊಡಗುತ್ತದೆ ಎಂದು ಅಳೆದರು. ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ನಮ್ಮ ಬಹುತೇಕ ಸ್ವಚ್ಛತಾ ಅಭಿಯಾನಗಳು ಒಂದು ಪಕ್ಷದೊಳಗೆ ಮುಗಿಯುತ್ತವೆ. ಅಭ್ಯಾಸ ಮೊಳೆಯುವ ಮೊದಲೇ ಬ್ಯಾನರ್ ಇಳಿದಿರುತ್ತದೆ.

ಹಳೆಯ ಅಭ್ಯಾಸ ಸಡಿಲವಾಗುವ ಒಂದು ಕಾಲವೂ ಇದೆ. ಬಾಸ್ ವರ್‌ಪ್ಲಾಂಕೆನ್ ಮತ್ತು ಡೆಬೋರಾ ರಾಯ್ ಇಂಗ್ಲೆಂಡಿನ ಪೀಟರ್‌ಬರೊದಲ್ಲಿ 800 ಜನರ ನಡುವೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಸರಸ್ನೇಹಿ ನಡತೆಯ ಸಲಹೆಗಳು ಇತ್ತೀಚೆಗೆ ಮನೆ ಬದಲಿಸಿದವರಲ್ಲಿ ಹೆಚ್ಚು ಫಲಿಸಿದವು. ಹೊಸ ಮನೆಗೆ ಬಂದ ಸುಮಾರು ಮೂರು ತಿಂಗಳವರೆಗೆ ಆ ಕಿಟಕಿ ತೆರೆದಿರುತ್ತದೆ. ಅಡುಗೆಮನೆಯಲ್ಲಿ ಬುಟ್ಟಿ ಎಲ್ಲಿಡಬೇಕೆಂದು ಇನ್ನೂ ತೀರ್ಮಾನವಾಗಿರುವುದಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ನಡೆಯುವ ಬೆಂಗಳೂರಿನಲ್ಲಿ ಎಲ್ಲೋ ಒಂದು ಕಡೆ ದಿನವೂ ಸಾಮಾನಿನ ಗಾಡಿ ನಿಂತಿರುತ್ತದೆ, ಹಾಲು ಉಕ್ಕುತ್ತಿರುತ್ತದೆ. ಆ ದಿನವೇ ಮನೆ ಮಾಲೀಕರು ಅಥವಾ ನಿವಾಸಿಗಳ ಸಂಘದವರು ಬೀಗದ ಕೈಯ ಜೊತೆ ಎರಡು ಬುಟ್ಟಿ, ಒಂದು ಚೀಲ ಕೊಟ್ಟು, ಒಣ ಕಸದ ಗಾಡಿ ಯಾವ ದಿನ ಬರುತ್ತದೆ ಎಂದು ಹೇಳಿ, ಬೀದಿಗೆ ಬರುವ ಪೌರಕಾರ್ಮಿಕರ ಪರಿಚಯ ಮಾಡಿಸಿದರೆ, ಪೆರುವಿನ ಬುಟ್ಟಿ, ಲಾ ವರ್ನಿನ ನೆರೆಮನೆ, ಗಾಡಿಯ ಮೇಲಿನ ನಂಬಿಕೆ ಮೂರೂ ಒಂದೇ ಬೆಳಿಗ್ಗೆ ಆ ಮನೆಗೆ ಸಿಗುತ್ತವೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಬಾಡಿಗೆ ಕರಾರಿನಲ್ಲಿ ನೀರು, ವಿದ್ಯುತ್ತಿನ ಸಾಲುಗಳ ಕೆಳಗೆ ಕಸದ ಬಗ್ಗೆ ಇನ್ನೊಂದು ಸಾಲು ಸೇರಿಸಿದರೆ ಆಯಿತು. ನಗರದ ಕೆಲವು ವಸತಿ ಸಮುಚ್ಚಯಗಳು ಹೊಸದಾಗಿ ಬರುವ ನಿವಾಸಿಗಳಿಗಾಗಿ ಈ ಕೆಲಸವನ್ನು ಈಗಾಗಲೇ ಮಾಡುತ್ತಿವೆ.